ಎಲ್ಲರೂ ಆಡುವಂತಾದ ಆಟ

ಮಗಳು ಸತ್ತ ಮೇಲೆ ಅಳಿಯನಿಗೂ ನಮಗೂ ನಡುವೆ ಉಳಿದದ್ದು ಕಂಪ್ಯೂಟರಿನ ಒಂದು ಬಂದೂಕಿನ ಆಟ. ಹೇಳಿದರೆ ಜನ ನಗುತ್ತಾರೆ. ನಗಲಿ.

ಮಕ್ಕಳಿಲ್ಲದೆ ಮಗಳು ಹೋದರೆ ಅಳಿಯನ ಮನೆಗೆ ದಾರಿ ಮುಗಿಯಿತು. ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ಹೋಗಲು ಅಲ್ಲಿ ಮಗಳಿಲ್ಲ. ಎತ್ತಿ ಆಡಿಸಲು ಮೊಮ್ಮಗು ಇಲ್ಲ. ನನ್ನ ತವರಿನಲ್ಲಿ ಅಣ್ಣನ ಮಗನಿಗೆ ಕೊಟ್ಟಿದ್ದರೆ ಮಗಳು ಹೋದರೂ ಅಣ್ಣನ ಮನೆ ಅಣ್ಣನ ಮನೆಯೇ. ಇವನು ಹೊರಗಿನ ಸಂಬಂಧ. ಬನ್ನಿಮಂಟಪದಲ್ಲಿ ಅವನ ಮನೆ, ಹೂಟಗಳ್ಳಿಯಲ್ಲಿ ನಮ್ಮದು. ಒಂದೇ ಊರು ಅನ್ನುವುದು ಹೆಸರಿಗೆ. ಕಾರಣ ಇಲ್ಲದೆ ಹೋದರೆ ಬೀದಿಯವರು ಏನು ಅಂತಾರೆ, ಅವನ ತಾಯಿ ಏನು ಅಂತಾರೆ.

ಆಟ ಶುರುವಾದದ್ದು ಆಸ್ಪತ್ರೆಯಲ್ಲಿ. ಮಗಳಿಗೆ ಕಿಡ್ನಿ ಕೆಟ್ಟಿತ್ತು. ನಾನು ಒಳಗೆ ಅವಳ ಹತ್ತಿರ ಇರುತ್ತಿದ್ದೆ, ಗಂಡಸರಿಬ್ಬರೂ ಹೊರಗೆ ಬೆಂಚಿನ ಮೇಲೆ. ಮಾವ ಅಳಿಯ ಕೂತು ಹರಟೆ ಹೊಡೆಯುವ ಪದ್ಧತಿ ನಮ್ಮಲ್ಲಿಲ್ಲ. ಇಬ್ಬರೂ ಎದುರಿನ ಗೋಡೆ ನೋಡಿಕೊಂಡು ತಿಂಗಳುಗಟ್ಟಲೆ ಕಳೆದರು. ಒಂದು ಮಧ್ಯಾಹ್ನ ಅಳಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಟ ತೆಗೆದ. ನಮ್ಮ ಯಜಮಾನರು ಕಣ್ಣಂಚಿನಲ್ಲಿ ನೋಡುತ್ತಿದ್ದವರು, ಪರದೆಯೊಳಗಿನ ಈ ಮನುಷ್ಯ ಯಾಕೆ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಾನೆ ಎಂದು ಕೇಳಿದರಂತೆ.

"ಕಾಯ್ತಾ ಇದಾನೆ ಮಾವ. ಈ ಆಟದಲ್ಲಿ ಮುಕ್ಕಾಲುಪಾಲು ಕಾಯೋದೇ."

ನಮ್ಮ ಯಜಮಾನರು ಹೂಟಗಳ್ಳಿಯ ಒಂದು ಫ್ಯಾಕ್ಟರಿ ಗೇಟಿನಲ್ಲಿ ಕಾವಲು ನಿಂತು ನಿಂತೇ ವಯಸ್ಸು ಕಳೆದವರು. ಆ ಮಾತು ಕೇಳಿ ಬೆಂಚಿನಲ್ಲಿ ಅಳಿಯನ ಪಕ್ಕಕ್ಕೆ ಸರಿದು ಕೂತರು. ನಾನು ಕಾಫಿ ತರಲು ಹೊರಗೆ ಬಂದಾಗ ಇಬ್ಬರ ತಲೆಯೂ ಒಂದೇ ಕಡೆ ಬಾಗಿತ್ತು. ಒಳಗೆ ಹೋಗಿ ಮಗಳಿಗೆ ಹೇಳಿದೆ. ನಕ್ಕಳು. ಆ ದಿನಗಳಲ್ಲಿ ಅವಳು ನಕ್ಕದ್ದು ಕಡಿಮೆ.

ತಿಥಿ ಮುಗಿದ ಮೇಲೆ ಅಳಿಯ ಆಟೋ ಮಾಡಿಕೊಂಡು ಬಂದ. ಅವಳ ಸೀರೆಗಳ ಗಂಟು, ಮದುವೆಯಲ್ಲಿ ನಾವು ಕೊಟ್ಟಿದ್ದ ಹಿತ್ತಾಳೆ ಪಾತ್ರೆ, ಜೊತೆಗೆ ತನ್ನ ಹಳೆಯ ಕಂಪ್ಯೂಟರು. ಸೀರೆ, ಪಾತ್ರೆ ವಾಪಸ್ಸು ಬಂದಾಗಲೇ ನನಗೆ ಅರ್ಥವಾಯಿತು, ಲೆಕ್ಕ ಚುಕ್ತಾ. ಆದರೆ ಅವನು ನೆಲದ ಮೇಲೆ ಮಂಡಿಯೂರಿ ವೈರುಗಳನ್ನು ಸಿಕ್ಕಿಸಿ, ಸಾಯಂಕಾಲ ಕೆಲಸದಿಂದ ಬಂದ ಮೇಲೆ ತಾನೂ ಅಲ್ಲಿಂದ ಆಡುತ್ತೇನೆ, ಮಾವ ಇಲ್ಲಿಂದ ಆಡಲಿ ಎಂದ.

ಆಟವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಈ ಕಡೆ ಐದು ಜನ, ಆ ಕಡೆ ಐದು ಜನ. ಒಂದು ಗುಂಪು ಒಂದು ಮನೆಯನ್ನೋ ಗೋಡೌನನ್ನೋ ಕಾಯಬೇಕು, ಇನ್ನೊಂದು ಗುಂಪು ನುಗ್ಗಬೇಕು. ಒಂದು ಗುಂಡು ತಗಲಿದರೆ ಮುಗಿಯಿತು. ಆ ಸರದಿ ಮುಗಿಯುವವರೆಗೂ ಸತ್ತವನು ಬಾಯಿ ಮುಚ್ಚಿಕೊಂಡು ಕೂರಬೇಕು. ಅದಕ್ಕೇ ಯಾರೂ ಓಡುತ್ತಿರಲಿಲ್ಲ. ಬೆಕ್ಕಿನ ಹಾಗೆ ನಡೆಯುವುದು, ಹೆಜ್ಜೆ ಸದ್ದು ಕೇಳುವುದು. ನಮ್ಮವರು ಎಲ್ಲಿದ್ದಾರೆ, ಆ ಕಡೆಯವರು ಎಲ್ಲಿದ್ದಾರೆ ಎಂದು ತೋರಿಸಲು ಪರದೆಯ ಮೇಲೆ ಏನೂ ಇರುತ್ತಿರಲಿಲ್ಲ. ಬಾಯಿಬಿಟ್ಟು ಕೇಳಬೇಕು, ಹೇಳಬೇಕು. ಕೇಳದೆ ಹೊಡೆದರೆ ನಮ್ಮವರ ಗುಂಡು ನಮ್ಮವರಿಗೇ ತಗಲುತ್ತಿತ್ತು.

ಯಜಮಾನರು ಕಿವಿಗೆ ಹಾಕಿಕೊಳ್ಳುವುದನ್ನು ಹಾಕಿಕೊಳ್ಳುತ್ತಿರಲಿಲ್ಲ, ಸೆಖೆ ಅನ್ನುತ್ತಿದ್ದರು. ಹಾಗಾಗಿ ಎಲ್ಲರ ಮಾತೂ ಅಡುಗೆಮನೆಗೆ ಕೇಳುತ್ತಿತ್ತು. ನನ್ನ ಸದ್ದು ಅವರಿಗೂ ಕೇಳುತ್ತಿತ್ತು. ಒಂದು ಸಲ ಕುಕ್ಕರು ಕೂಗಿ ಯಾವನೋ ಹೆದರಿ ಗುಂಡು ಹಾರಿಸಿದನಂತೆ. ಅತ್ತೆ, ಕುಕ್ಕರ್ ಸ್ವಲ್ಪ ಮುಂಚೆ ಇಟ್ಟುಬಿಡಿ ಎಂದು ಅಳಿಯ ಅಲ್ಲಿಂದಲೇ ಬೇಡಿಕೊಂಡ. ಅವತ್ತಿನಿಂದ ದೀಪ ಹಚ್ಚುವ ಹೊತ್ತಿಗೆ ಅಡುಗೆ ಮುಗಿಸುತ್ತಿದ್ದೆ.

ಗುಂಪಿನಲ್ಲಿ ಹುಬ್ಬಳ್ಳಿ ಕಡೆಯ ಒಂದು ಹುಡುಗಿ ಇದ್ದಳು. ಅವಳ ಮುಖ ನಾವು ನೋಡಲೇ ಇಲ್ಲ. "ಅಜ್ಜಾರು ಬಾಗಿಲಾಗ ನಿಂತ್ರ ನನಗ ಹಿಂದ ತಿರುಗಿ ನೋಡೋ ಚಿಂತಿ ಇಲ್ಲ ನೋಡ್ರಿ" ಎಂದು ಅವಳು ಹೇಳಿದ ದಿನ ಯಜಮಾನರು ಎರಡು ಮುದ್ದೆ ಉಂಡರು. ಅವರ ಕೈ ಚುರುಕಿರಲಿಲ್ಲ. ಗುರಿಯೂ ಅಷ್ಟಕ್ಕಷ್ಟೇ. ನಿಂತ ಜಾಗ ಬಿಡುತ್ತಿರಲಿಲ್ಲ, ಅಷ್ಟೇ ಅವರ ವಿದ್ಯೆ. ಆ ಆಟಕ್ಕೆ ಅಷ್ಟು ಸಾಕಾಗಿತ್ತು.

ನನಗೆ ಬೇಕಿದ್ದದ್ದು ಆಟ ಮುಗಿದ ಮೇಲಿನ ಮಾತು. ಬೇರೆಯವರು ಹೋದ ಮೇಲೆ ಅಳಿಯ ಸ್ವಲ್ಪ ಹೊತ್ತು ಉಳಿಯುತ್ತಿದ್ದ. ಇವತ್ತು ಏನು ಅಡುಗೆ ಅನ್ನುವುದು, ನೀರು ಬಂತೇ ಅನ್ನುವುದು. ಒಂದು ದಿನ, ನಮ್ಮ ಮಗಳು ಬಸ್ಸಾರಿಗೆ ಏನು ಹುರಿದು ಹಾಕುತ್ತಿದ್ದಳು ಎಂದು ಕೇಳಿದ. ಒಲೆಯ ಹತ್ತಿರದಿಂದಲೇ ಕೂಗಿ ಹೇಳಿದೆ.   ಅವತ್ತು ಎಷ್ಟೋ ಹೊತ್ತು ಇಬ್ಬರೂ ಕಂಪ್ಯೂಟರನ್ನು ಆರಿಸಲಿಲ್ಲ.

ಒಂದು ಸಾಯಂಕಾಲ ಅಳಿಯ ಮಾವನಿಗೇ ಗುಂಡು ಹೊಡೆದುಬಿಟ್ಟ. ಹೊಗೆಯಲ್ಲಿ ಕಾಣಲಿಲ್ಲ, ಬಾಗಿಲ ಪಕ್ಕ ಯಾರೋ ಅಲ್ಲಾಡಿದರು, ಹೊಡೆದ. ಯಜಮಾನರು ಬಿದ್ದರು. ಮೈಕಿನಲ್ಲಿ ಎಲ್ಲರೂ ಗೊಳ್ಳೆಂದರು, ಅಳಿಯ ಮಾತ್ರ ಉಸಿರೆತ್ತಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೇನೆ, ಬೈಕು ಬಂದು ನಿಂತಿತು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಕೆಲಸಕ್ಕೆ ಹೋಗುವ ಮುಂಚೆ ಬನ್ನಿಮಂಟಪದಿಂದ ಅಷ್ಟು ದೂರ ಬಂದಿದ್ದ. ಒಳಗೆ ಬಂದು ಯಜಮಾನರ ಕಾಲು ಮುಟ್ಟಿದ.

"ತಪ್ಪಾಯ್ತು ಮಾವ. ನೀವು ಅಲ್ಲಿದೀರ ಅಂತ ಕೇಳ್ಬೇಕಿತ್ತು ನಾನು."

"ನಾನೂ ಹೇಳ್ಬೇಕಿತ್ತು. ಬುಡಿ, ತಪ್ಪು ನಂದೂ ಅದೆ."

ಬೇರೆ ಯಾರ ಮನೆಯಲ್ಲಿ ಹೀಗೆ ನಡೆಯುತ್ತದೋ ಗೊತ್ತಿಲ್ಲ. ಆಟದಲ್ಲಿ ಹೊಡೆದದ್ದಕ್ಕೆ ಬೆಳಿಗ್ಗೆ ಹಣ್ಣು ತಂದು ಕಾಲು ಮುಟ್ಟುವುದು. ನನಗೆ ನಗು ತಡೆಯಲಿಲ್ಲ. ಕಾಫಿ ಲೋಟ ಕೊಡುತ್ತಾ, "ಸತ್ತೋರೇ ಎದ್ದು ಕೂತು ಕಾಫಿ ಕುಡೀತಾವ್ರೆ, ನೀವೂ ಕುಡೀರಿ" ಅಂದುಬಿಟ್ಟೆ.

ಮಾತು ಹೊರಗೆ ಬಿದ್ದ ಮೇಲೆ ಏನಂದೆ ಎಂದು ತಿಳಿಯಿತು. ಗೋಡೆಯ ಮೇಲೆ ಮಗಳ ಫೋಟೋ ಇತ್ತು. ಯಾರೂ ಆ ಕಡೆ ನೋಡಲಿಲ್ಲ.

ಅಲ್ಲಿಂದ ಮುಂದೆ ಅಳಿಯ ಕೇಳದೆ ಗುಂಡು ಹಾರಿಸಲಿಲ್ಲ. ಮಾವ, ಎಲ್ಲಿದೀರಿ? ಬಾಗಿಲ ಪಕ್ಕ ಇವ್ನಿ. ಮಾವ, ಎಲ್ಲಿದೀರಿ? ಮೆಟ್ಟಿಲ ಕೆಳಗೆ. ದಿನಾ ಸಾಯಂಕಾಲ ನಮ್ಮ ಮನೆಯಲ್ಲಿ ಇದೇ ಕೇಳುತ್ತಿತ್ತು. ಮಗ ಇಲ್ಲದ ಮನೆ ನಮ್ಮದು. ಯಜಮಾನರು ಎಲ್ಲಿದ್ದಾರೆ ಎಂದು ಕೇಳುವ ಇನ್ನೊಂದು ಗಂಡು ದನಿ ಇರಲಿಲ್ಲ.

ಆಮೇಲೆ ಆಟ ಮಾಡಿದವರು ಆಟವನ್ನು ಬದಲಾಯಿಸಿದರು.

ಹಳೆಯದು ಬಹಳ ಕಷ್ಟ, ಹೊಸಬರು ಬಂದು ಒಂದೇ ಗುಂಡಿಗೆ ಸತ್ತು ಬೇಜಾರಾಗಿ ಬಿಟ್ಟು ಹೋಗುತ್ತಾರಂತೆ. ಆಡುವವರು ಕಡಿಮೆಯಾದರೆ ಕಂಪನಿ ನಡೆಯಬೇಡವೇ. ಅಳಿಯ ಒಂದು ಭಾನುವಾರ ಬಂದು ಕಂಪ್ಯೂಟರಿಗೆ ಹೊಸದೇನೋ ಹಾಕಿ ಇದನ್ನೆಲ್ಲ ಹೇಳಿದ. ಇನ್ನು ಮೇಲೆ ಎಲ್ಲರೂ ಆಡಬಹುದು ಮಾವ, ನಿಮಗೂ ಸುಲಭ ಎಂದ. ಅವನು ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಹೇಳಲಿಲ್ಲ. ಆದರೆ ಎಲ್ಲರೂ ಆಡುವ ಹಾಗೆ ಮಾಡಿದ ಮೇಲೆ ನಮ್ಮ ಯಜಮಾನರಿಗೆ ಆಡಲಾಗಲಿಲ್ಲ.

ಹೊಸದರಲ್ಲಿ ಎಲ್ಲರೂ ಓಡುತ್ತಿದ್ದರು. ಓಡುತ್ತಾ ಜಾರುತ್ತಿದ್ದರು, ಗೋಡೆ ಹಾರುತ್ತಿದ್ದರು. ಬಂದೂಕಿಗೆ ಗುಲಾಬಿ ಬಣ್ಣ, ಹಸಿರು ಬಣ್ಣ. ಗೆದ್ದವನು ಬಿದ್ದವನ ಮುಂದೆ ಕುಣಿಯುತ್ತಿದ್ದ. ಸತ್ತರೆ ಕಾಯಬೇಕಾಗಿಲ್ಲ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಎದ್ದು ಮತ್ತೆ ಓಡಬಹುದು. ಆ ಕಡೆಯವರು ಗೋಡೆಯ ಹಿಂದೆ ಇದ್ದರೂ ಕೆಂಪಗೆ ಕಾಣುತ್ತಿದ್ದರು. ನಮ್ಮವರ ತಲೆಯ ಮೇಲೆ ಹೆಸರು ತೇಲುತ್ತಿತ್ತು. ಇನ್ನು ನಮ್ಮವರ ಗುಂಡು ನಮ್ಮವರಿಗೆ ತಗಲುತ್ತಲೇ ಇರಲಿಲ್ಲ, ಮೈಯೊಳಗೆ ಹಾದು ಆಚೆ ಹೋಗುತ್ತಿತ್ತು.

ತಗಲದ ಮೇಲೆ ಕೇಳುವುದು ಯಾಕೆ? ಮಾವ ಎಲ್ಲಿದ್ದಾರೆ ಎಂದು ಪರದೆಯೇ ಹೇಳುತ್ತಿತ್ತು. ಮೊದಲ ವಾರ ಅಳಿಯ ಅಭ್ಯಾಸಬಲದಿಂದ ಕೇಳಿದ. ಆಮೇಲೆ ನಿಂತಿತು. ಅವನು ಬೇಕೆಂದು ಬಿಟ್ಟದ್ದಲ್ಲ. ಬೇಕಾಗಿರಲಿಲ್ಲ, ಬಿಟ್ಟುಹೋಯಿತು.

ಯಜಮಾನರು ಹಳೆಯ ಹಾಗೆಯೇ ಒಂದು ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಯಾರೋ ಹಿಂದಿನಿಂದ ಹಾರಿ ಬಂದು ಹೊಡೆಯುತ್ತಿದ್ದ. ಎದ್ದು ಮತ್ತೆ ಅದೇ ಬಾಗಿಲಿಗೆ ಹೋಗುತ್ತಿದ್ದರು. ಮತ್ತೆ ಹೊಡೆಯುತ್ತಿದ್ದ. ನಾನು ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದೆ. ಜಾಗ ಬಿಟ್ಟು ನೀವೂ ಓಡಿ ಎಂದು ಹೇಳಿದ್ದಕ್ಕೆ, ಬಾಗಿಲು ಬಿಟ್ಟು ಓಡುವವನಿಗೆ ಸಂಬಳ ಯಾರು ಕೊಡುತ್ತಾರೆ ಎಂದರು. ಆಟಕ್ಕೆ ಸಂಬಳ ಎಲ್ಲಿಂದ ಬಂತೋ.

ಹುಬ್ಬಳ್ಳಿಯ ಹುಡುಗಿ ಬಿಟ್ಟು ಹೋದಳು. ಹೋಗುವ ಮುಂಚೆ ಅಜ್ಜಾರಿಗೆ ಹೇಳಿಯೇ ಹೋದಳು, ಅಷ್ಟು ಒಳ್ಳೆಯವಳು. ಅವಳ ಬದಲು ಹೊಸ ದನಿಗಳು ತುಂಬಿಕೊಂಡವು. ಅಳಿಯನ ಆಫೀಸಿನಲ್ಲಿ ಬಂದೂಕಿನ ಆಟ ಅಂದರೆ ಮೂಗು ಮುರಿಯುತ್ತಿದ್ದವರೆಲ್ಲ ಈಗ ಆಡತೊಡಗಿದ್ದರು. ನಾವು ತರಕಾರಿ ತರುವ ಅಂಗಡಿಯವನೂ ಫೋನಿನಲ್ಲಿ ಅದನ್ನೇ ಆಡುತ್ತಾ ತೂಕ ಮಾಡುತ್ತಿದ್ದ. ಆ ದನಿಗಳಲ್ಲಿ ಒಂದು ಹೆಣ್ಣು ದನಿ, ಅಳಿಯನ ಆಫೀಸಿನವಳು, ಮಾತು ಕಡಿಮೆ, ನಗು ಜಾಸ್ತಿ. ಅವಳು ನಕ್ಕರೆ ಅಳಿಯನೂ ನಗುತ್ತಿದ್ದ. ಮಗಳು ಹೋದ ಮೇಲೆ ಅವನು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. ಯಜಮಾನರಿಗೆ ತಿಳಿಯಲಿಲ್ಲ. ಅವರು ಬಾಗಿಲು ಕಾಯುತ್ತಿದ್ದರು. ಅಡುಗೆಮನೆಯಲ್ಲಿದ್ದ ನನಗೆ ತಿಳಿಯಿತು.

ಆಟ ಮುಗಿದ ಮೇಲೆ ಅಳಿಯ ಉಳಿಯುವುದೂ ನಿಂತಿತು. ಹೋಗ್ತೀನಿ ಮಾವ ಅನ್ನುವಷ್ಟರಲ್ಲಿ ಆ ಗುಂಪು ಅವನನ್ನು ಇನ್ನೊಂದು ಆಟಕ್ಕೆ ಎಳೆದುಕೊಂಡು ಹೋಗಿರುತ್ತಿತ್ತು.

ಒಂದು ದಿನ ನಾನೇ ಫೋನು ಮಾಡಿದೆ. ಸುತ್ತು ಬಳಸುವುದು ನನಗೆ ಬರುವುದಿಲ್ಲ.

"ಆ ನಗೋ ಹುಡುಗೀನ ಮದುವೆ ಆಗ್ತೀರಾ?"

 "ನಿಮ್ಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ತಿರ್ಲಿಲ್ಲ ಅತ್ತೆ" ಎಂದ.

"ಹೇಳೋದೇನು. ವಯಸ್ಸು ಕಾಯ್ತದಾ? ಮಾಡ್ಕೊಳಿ."

ಫೋನು ಇಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ. ಯಜಮಾನರಿಗೆ ಹೇಳಿದಾಗ, ಸರಿ, ಒಳ್ಳೆಯದಾಯಿತು ಎಂದರು. ಅವತ್ತು ಕಂಪ್ಯೂಟರು ಹಾಕಲಿಲ್ಲ. ಮಾರನೆಯ ದಿನವೂ ಹಾಕಲಿಲ್ಲ. ನಾನು ಹಳೆಯ ಪಂಚೆ ಹೊದಿಸಿದೆ, ಧೂಳು ಕೂರುತ್ತದೆ ಎಂದು. ಬೇಡ ಅನ್ನಲಿಲ್ಲ ಅವರು.

ಮದುವೆಗೆ ಹೋಗಲಿಲ್ಲ. ಹೋಗುವ ಪದ್ಧತಿಯೂ ಇಲ್ಲ. ಆ ವರ್ಷ ಮಾರ್ಲಮಿಗೆ ಅಳಿಯ ಬಂದು ಕರೆದ. ಸತ್ತವರಿಗೆ ಎಡೆ ಇಡುವ ಹಬ್ಬ ಅದು, ಗಂಡನ ಮನೆಯಲ್ಲೇ ಇಡಬೇಕು. ಹೋದೆವು. ದಸರೆಯ ತಾಲೀಮಿಗೆ ಮೈದಾನದ ಕಡೆ ರಸ್ತೆ ಕಟ್ಟಿದ್ದರಿಂದ ಬಸ್ಸು ಎಲ್ಲೆಲ್ಲೋ ಸುತ್ತಿ ಇಳಿಸಿತು.

ಹೊಸ ಹುಡುಗಿ ತಲೆಗೆ ಸ್ನಾನ ಮಾಡಿ, ಮಡಿಯುಟ್ಟು, ನನ್ನ ಮಗಳ ಫೋಟೋಗೆ ಹೂ ಹಾಕಿ ಎಡೆ ಇಟ್ಟಿದ್ದಳು. ಹೊಸ ಸೀರೆ ಮಡಿಸಿ ಮುಂದೆ ಇಟ್ಟಿದ್ದಳು. ಕಜ್ಜಾಯ ಗಟ್ಟಿಯಾಗಿತ್ತು, ಆದರೂ ತಾನೇ ಕೂತು ಮಾಡಿದ್ದಳು. ಕೈಮುಗಿಯುವಾಗ ಅವಳ ಕಣ್ಣಲ್ಲಿ ನೀರಿತ್ತು. ತಾನು ನೋಡಿಯೇ ಇರದವಳಿಗೆ ಯಾರು ಅಳುತ್ತಾರೆ? ಭಯಕ್ಕೆ ಇರಬೇಕು. ನಮ್ಮನ್ನು ಕಂಡ ಭಯ.

ಊಟವಾದ ಮೇಲೆ ಗಂಡಸರಿಬ್ಬರೂ ಮುಂದಿನ ಕೋಣೆಯಲ್ಲಿ ಕೂತರು. ನಾನು ಬಾಗಿಲ ಈಚೆಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

"ಆಟಕ್ಕೆ ಬರ್ತಾ ಇದೀರಾ ಮಾವ?"

"ಬತ್ತೀನಿ, ಆಗಾಗ."

"ಒಳ್ಳೇದು ಮಾವ."

ಯಾರು ಆಟ ತೆರೆದಿದ್ದಾರೆ, ಯಾರು ಇಲ್ಲ ಎಂದು ಆ ಪರದೆಯಲ್ಲಿ ಹಸಿರು ಚುಕ್ಕಿ ತೋರಿಸುತ್ತದೆ. ಮಾವನ ಹೆಸರಿನ ಮುಂದೆ ಚುಕ್ಕಿ ಬಿದ್ದು ಎಷ್ಟು ತಿಂಗಳಾಯಿತು ಎಂದು ಅಳಿಯನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ಯಜಮಾನರಿಗೂ ಗೊತ್ತಿತ್ತು.  ಟಿವಿ ಹಾಕಿದ ಅಳಿಯ.

ಹೊರಟಾಗ ಹುಡುಗಿ ಕುಂಕುಮ ಕೊಟ್ಟು, ಮುಂದಿನ ವರ್ಷವೂ ಬನ್ನಿ ಅಮ್ಮ ಎಂದಳು. ಅಳಿಯ ಅವಳ ಹಿಂದೆ ನಿಂತಿದ್ದ.

"ಬೇಡ ಕಣಮ್ಮ. ಎಡೆ ಇಕ್ಕು, ಅಷ್ಟು ಸಾಕು. ನಾವು ಬಂದ್ರೆ ನಿಮ್ಗೂ ಹಿಂಸೆ, ನಮ್ಗೂ ಹಿಂಸೆ" ಎಂದೆ.

 ಇಲ್ಲ ಬರಲೇಬೇಕು ಎಂದು ಅಳಿಯ ಹೇಳುತ್ತಾನೇನೋ ಎಂದು ಒಂದು ಗಳಿಗೆ ನಿಂತೆ. ನಿಂತದ್ದು ನಿಜ. ಆಮೇಲೆ ಚಪ್ಪಲಿ ಮೆಟ್ಟಿದೆ. ಬಸ್ಸಿನ ತನಕ ಬಂದ, ರಸ್ತೆ ದಾಟುವಾಗ ಯಜಮಾನರ ತೋಳು ಹಿಡಿದುಕೊಂಡಿದ್ದ. ದಾಟಿದ ಮೇಲೆ ಬಿಟ್ಟ.

ಬಸ್ಸಿನಲ್ಲಿ ಯಜಮಾನರು, "ಯಾಕೆ ಅಂಗಂದ್ಬುಟ್ಟೆ?" ಎಂದರು.

"ನೀವು ಸುಳ್ಳು ಹೇಳಿದ್ರಿ, ಅವನು ಗೊತ್ತಿದ್ದೂ ಒಳ್ಳೇದು ಅಂದ. ವರ್ಷವರ್ಷಾನೂ ಬಂದು ಅದ್ನೇ ಮಾಡ್ಬೇಕಾ?"

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಹೂಟಗಳ್ಳಿ ಬರುವವರೆಗೂ ಈ ಕಡೆ ನೋಡಲಿಲ್ಲ. ನಾನೂ ನೋಡಿ ಎನ್ನಲಿಲ್ಲ.