ಎಡಗಿವಿಯ ಬೆಸುಗೆ

ಕೋವಿಡ್ ಕಾಲದ ಮಾಸ್ಕುಗಳೆಲ್ಲ ಮಾಯವಾಗಿ, ಪುತ್ತೂರಿನ ಬಸ್ ನಿಲ್ದಾಣದಲ್ಲಿ ಜನ ಮತ್ತೆ ಮೈಗೆ ಮೈ ತಾಗಿಸಿ ನಿಲ್ಲತೊಡಗಿದ್ದ ವರ್ಷದ ಮಾತಿದು. ನಿಲ್ದಾಣದ ಹತ್ತಿರವೇ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ನನ್ನ ಎಲೆಕ್ಟ್ರಾನಿಕ್ ರಿಪೇರಿ ಅಂಗಡಿ. ಐಟಿಐ ಮುಗಿಸಿ, ಒಂದು ಟಿವಿ ಸರ್ವಿಸ್ ಸೆಂಟರಿನಲ್ಲಿ ಕೆಲಸ ಕಲಿತು, ಆಮೇಲೆ ಸ್ವಂತ ಅಂಗಡಿ ಹಾಕಿದವಳು ನಾನು. ಮೆಟ್ಟಿಲು ಹತ್ತಿ ಬಂದವರು ಈಗಲೂ ಸುತ್ತ ಕಣ್ಣಾಡಿಸಿ, "ಮೆಕ್ಯಾನಿಕ್ ಇಲ್ವಾ ಅಕ್ಕ?" ಎಂದು ಕೇಳುವುದುಂಟು. "ಇದ್ದಾರಲ್ಲ, ನಿಮ್ಮ ಕಣ್ಣೆದುರೇ ಕೂತಿದ್ದಾರೆ" ಎನ್ನುತ್ತೇನೆ. ಅವರು ಪೆಚ್ಚಾದರೆ ನನಗೆ ಒಳಗೊಳಗೇ ಖುಷಿ.

ಅರಂತೋಡಿನ ಕುಶಾಲಪ್ಪನವರು ಹಾಗೆ ಕೇಳಲಿಲ್ಲ. ಕೃಷಿಕರು, ಅರವತ್ತರ ಆಸುಪಾಸು. ನೇರ ಬಂದು, ಹೆಗಲಿಗೆ ಹಾಕುವ ವಸ್ತ್ರ ಇದೆಯಲ್ಲ, ಅಂಥ ಒಂದು ಬೈರಾಸನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಕಪ್ಪು ಬಣ್ಣದ ಹೆಡ್‌ಫೋನ್, ತಲೆಯ ಮೇಲೆ ಹಾಕಿಕೊಳ್ಳುವಂಥದ್ದು. ಪಟ್ಟಿ ನಡುವೆ ಮುರಿದಿತ್ತು, ಎಡಬದಿಯ ತಂತಿ ಕಿತ್ತು ಬಂದಿತ್ತು.

"ಇದಕ್ಕೆ ಹಾಕುವ ದುಡ್ಡಿಗೆ ಹೊಸತೇ ಬರ್ತದೆ ಮಾರಾಯ್ರೆ" ಎಂದೆ. ಎಲ್ಲರಿಗೂ ಹೇಳುವ ಮಾತು ಅದು.

"ಹೊಸತು ಬೇಡ. ಇದು ನನ್ನ ಮಗಳದ್ದು. ಬರುವ ಬುಧವಾರ ಅವಳ ಮದುವೆ. ಮುರಿದದ್ದನ್ನು ಮದುಮಗಳ ಜೊತೆ ಕಳಿಸ್ಲಿಕ್ಕಿಲ್ಲ ಅಂತ ನಮ್ಮ ದೊಡ್ಡಪ್ಪ ಹೇಳಿದ್ದಾರೆ."

"ಓಹೋ, ಹಾಗಾದ್ರೆ ಮಗಳನ್ನೇ ಕಳಿಸಿ. ಅವಳ ಕಿವಿಗೆ ಹಾಕಿ ನೋಡಿಯೇ ಕೊಡ್ತೇನೆ" ಎಂದು ನಗೆಯಾಡಿದೆ.

ಅವರು ಬೈರಾಸನ್ನು ಮಡಚುತ್ತಾ ಮೆಲ್ಲಗೆ ಹೇಳಿದರು: "ಮಗಳು ಇಲ್ಲ. ಹೋಗಿ ಎರಡು ವರ್ಷ ಆಯ್ತು."

ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ಸತ್ತವಳಿಗೆ ಮದುವೆ ಎಂದರೆ ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಸತ್ತವರ ಆತ್ಮಕ್ಕೆ ಕುಲೆ ಎನ್ನುತ್ತಾರೆ. ಮದುವೆಯಾಗದೆ ಸತ್ತ ಹುಡುಗಿಯ ಕುಲೆ ಮದುವೆ ಕೇಳುತ್ತದೆ ಎಂದು ಪ್ರಶ್ನೆಯಲ್ಲಿ ಕಂಡುಬಂದರೆ, ಅಂದರೆ ಜೋಯಿಸರು ಕವಡೆ ಹಾಕಿ ಹೇಳಿದರೆ, ಮನೆಯವರು ಹಾಗೆಯೇ ತೀರಿಹೋದ ಒಬ್ಬ ಹುಡುಗನ ಸಂಬಂಧ ಹುಡುಕುತ್ತಾರೆ. ಆಮೇಲೆ ಸೀರೆ, ಬಳೆ, ಹೂವು, ಊಟ ಎಲ್ಲ ಇಟ್ಟು ಸತ್ತ ಇಬ್ಬರಿಗೂ ಮದುವೆ ಮಾಡಿಸುತ್ತಾರೆ. ಕುಶಾಲಪ್ಪನವರ ಮಗನಿಗೆ ಬಂದ ಸಂಬಂಧಗಳು ಒಂದರ ಹಿಂದೆ ಒಂದು ತಪ್ಪಿಹೋಗುತ್ತಿದ್ದವಂತೆ. ಮನೆಯಲ್ಲಿ ಯಾರೂ ಇಲ್ಲದ ಕೋಣೆಯಿಂದ ಹಾಡು ಗುನುಗಿದ ಸದ್ದು ಬರುತ್ತಿತ್ತಂತೆ. ಪ್ರಶ್ನೆ ಇಟ್ಟಾಗ ತೀರಿಹೋದ ಮಗಳು ಭವ್ಯ ಮದುವೆ ಕೇಳುತ್ತಿದ್ದಾಳೆ ಎಂದು ಬಂತು. ಕಡಬದ ಕಡೆಯ ಒಂದು ಮನೆಯಲ್ಲಿ ಹುಡುಗ ಸಿಕ್ಕಿದ.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು, ನಾನು ಕೇಳದಿದ್ದರೂ ಹೇಳಿದರು: "ಸ್ಕೂಟರ್ ಬಿದ್ದಾಗ ಅದು ಅವಳ ಕಿವಿಯಲ್ಲಿ ಇರ್ಲಿಲ್ಲ. ಬ್ಯಾಗಲ್ಲಿ ಇತ್ತು. ಜನ ಏನೇನೋ ಹೇಳ್ತಾರೆ."

ಕುಲೆ, ಪ್ರಶ್ನೆ ಇದರಲ್ಲೆಲ್ಲ ನನಗೆ ನಂಬಿಕೆ ಕಡಿಮೆ. ಆದರೂ ಮರುದಿನ ಬೆಳಿಗ್ಗೆ ಆ ಹೆಡ್‌ಫೋನನ್ನು ಬಿಚ್ಚಲು ಕೂತಾಗ ಕೈ ಎಂದಿನಂತೆ ಓಡಲಿಲ್ಲ. ಕಿವಿಯ ಮೆತ್ತೆಯಲ್ಲಿ ತೆಂಗಿನೆಣ್ಣೆಯ ಪರಿಮಳ ಇನ್ನೂ ಇತ್ತು. ಎಡಬದಿಯ ತಿರುಗಣಿಗೆ ಉದ್ದದ ಒಂದು ಕೂದಲು ಸುತ್ತಿಕೊಂಡಿತ್ತು. ಬೇರೆಯವರದ್ದಾಗಿದ್ದರೆ ಚಿಮಟದಲ್ಲಿ ಎಳೆದು ಬಿಸಾಡುತ್ತಿದ್ದೆ. ಅದನ್ನು ಮುಟ್ಟದೆ ಕೆಲಸ ಮಾಡಿದೆ.

ಹೆಡ್‌ಫೋನಿನ ಒಳಗೆ ಒಂದೊಂದು ಕಿವಿಗೂ ಒಂದೊಂದು ಡ್ರೈವರ್ ಇರುತ್ತದೆ. ಡ್ರೈವರ್ ಎಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ಅದಕ್ಕೆ ಹೋಗುವ ತಂತಿ ಕೂದಲಿಗಿಂತ ಸಪೂರ, ಮೇಲೆ ಬಣ್ಣದ ಲೇಪ. ಆ ಲೇಪವನ್ನು ಮೊದಲು ಬಿಸಿಯಲ್ಲಿ ಸುಡಬೇಕು. ಇಲ್ಲವಾದರೆ ಬೆಸುಗೆ ಹಿಡಿದಂತೆ ಕಂಡರೂ ಒಳಗೆ ಸಂಪರ್ಕ ಇರುವುದಿಲ್ಲ. ಎಷ್ಟೋ ಜನ ಕೆಡುವುದು ಅಲ್ಲೇ. ಮಲ್ಟಿಮೀಟರ್ ಇಟ್ಟು ನೋಡಿದೆ. ಡ್ರೈವರ್ ಎರಡೂ ಗಟ್ಟಿ ಇದ್ದವು, ತಂತಿ ಮಾತ್ರ ತುಂಡಾಗಿತ್ತು. ಹೊಸ ತಂತಿ ಬೆಸೆದೆ. ಮುರಿದ ಪಟ್ಟಿಗೆ ಒಳಗಿನಿಂದ ಸ್ಟೀಲಿನ ತಗಡು ಕೊಟ್ಟು ಅಂಟಿಸಿದೆ.

ಗಿರಾಕಿಗೆ ಕೊಡುವ ಮೊದಲು ಹೆಡ್‌ಫೋನನ್ನು ನಾನೇ ಹಾಕಿ ಒಂದು ಹಾಡು ಪೂರ್ತಿ ಕೇಳುವುದು ನನ್ನ ಕ್ರಮ. ಇದನ್ನು ಹಾಕಿಕೊಂಡಾಗ ತಲೆಗೆ ಬಿಗಿಯಾಯಿತು. ಹುಡುಗಿಯದ್ದು ಸಣ್ಣ ತಲೆ. ಎಡಬದಿಯನ್ನು ಬಲಕ್ಕಿಂತ ಸ್ವಲ್ಪ ಕೆಳಗೆ ಎಳೆದಿಟ್ಟಿದ್ದಳು, ತನಗೆ ಹಿತವಾಗುವ ಹಾಗೆ. ಆ ಅಳತೆ ಹಾಗೆಯೇ ಉಳಿದಿತ್ತು. ಹಾಡು ಮುಗಿದ ಮೇಲೆ ಎರಡೂ ಕಿವಿಯಲ್ಲಿ ಯಾರೋ ನಿಧಾನ ಉಸಿರಾಡಿದಂತೆ ಕೇಳಿಸಿತು. ಕಿವಿ ಮುಚ್ಚಿದಾಗ ನಮ್ಮ ರಕ್ತ ಓಡುವ ಸದ್ದು ನಮಗೇ ಕೇಳುತ್ತದೆ, ಅಷ್ಟೇ. ಇದನ್ನು ನಾನೇ ಎಷ್ಟೋ ಜನರಿಗೆ ವಿವರಿಸಿದ್ದೇನೆ. ಆದರೂ ಥಟ್ಟನೆ ತೆಗೆದು ಮೇಜಿನ ಮೇಲಿಟ್ಟೆ.

ಅದರ ಮರುದಿನ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಆಸ್ಪತ್ರೆಯ ಚೀಟಿ, ಮಾತ್ರೆಯ ಪೊಟ್ಟಣ. ಸ್ಟೂಲಿನಲ್ಲಿ ಕೂತು ಸುಧಾರಿಸಿಕೊಂಡು, "ನಾನು ಭವ್ಯನ ಅಮ್ಮ, ಹೇಮಾವತಿ" ಎಂದರು. "ಬಿ.ಪಿ. ಮಾತ್ರೆ ತರ್ತೇನೆ ಅಂತ ಹೇಳಿ ಬಂದದ್ದು. ನಮ್ಮವರಿಗೆ ಗೊತ್ತಿಲ್ಲ."

"ನಿಮ್ಮ ಹೆಡ್‌ಫೋನ್ ರೆಡಿ ಉಂಟಲ್ಲ" ಎಂದೆ ಉತ್ಸಾಹದಲ್ಲಿ. ಅವರ ಮುಖ ಬಾಡಿತು.

"ಅಯ್ಯೋ ದೇವರೇ! ಆಯ್ತಾ?" ಎಂದು ಹಣೆಗೆ ಕೈ ಇಟ್ಟರು. "ರಿಪೇರಿ ಆಗುದಿಲ್ಲ ಅಂತ ನಮ್ಮವರಿಗೆ ಹೇಳಿ ಅಕ್ಕ, ಅಂತ ಕೇಳ್ಲಿಕ್ಕೆ ಬಂದೆ ನಾನು."

ನನಗೆ ಸಿಟ್ಟೇ ಬಂತು. ಇಡೀ ಬೆಳಿಗ್ಗೆ ಕಣ್ಣು ಕಿರಿದಾಗಿಸಿ ಮಾಡಿದ ಕೆಲಸ. "ಎಂತ ಮಾತು ಇದು? ಸರಿಯಾದದ್ದನ್ನು ಸರಿಯಾಗ್ಲಿಲ್ಲ ಅನ್ನುದು ಹೇಗೆ?"

ಅವರು ಅಳಲಿಲ್ಲ. ಬಟ್ಟೆಯಂಗಡಿಯಲ್ಲಿ ಬಣ್ಣ ಹೇಳುವ ಹಾಗೆ ಒಂದೊಂದಾಗಿ ಹೇಳಿದರು. ಚೂಡಿದಾರ ಎಲ್ಲ ಹೋಗುತ್ತದೆ. ಬಳೆ, ಚಪ್ಪಲಿ, ಕಾಲೇಜಿಗೆ ಕೊಂಡೊಯ್ಯುತ್ತಿದ್ದ ನೀರಿನ ಬಾಟಲಿ, ಬಾಚಣಿಗೆ ಕೂಡ. ಮದುವೆಯಾದ ಮೇಲೆ ಅವಳು ಆ ಮನೆಯವಳು, ಅವಳ ಸಾಮಾನು ಇಲ್ಲಿದ್ದರೆ ಹಿಂದೆ ತಿರುಗಿ ನೋಡುತ್ತಾಳೆ, ಹೋದಲ್ಲಿ ನಿಲ್ಲುವುದಿಲ್ಲ ಎಂದು ದೊಡ್ಡಪ್ಪ ಕಟ್ಟುನಿಟ್ಟಾಗಿ ಹೇಳಿದ್ದರು.

"ಮದುವೆ ಬೇಡ ಅಂತ ನಾನು ಹೇಳುದಿಲ್ಲ. ಅವಳಿಗೂ ಒಂದು ನೆಲೆ ಆಗ್ಬೇಕಲ್ಲ. ಮುರಿದದ್ದು ಮಾತ್ರ ಕಳಿಸುವ ಹಾಗಿಲ್ಲ. ಅವಳ ಸಾಮಾನಲ್ಲಿ ಮುರಿದದ್ದು, ನಮಗೆ ಉಳಿಯುವಂಥದ್ದು ಅಂತ ಇದೊಂದೇ ಉಂಟು ಅಕ್ಕ."

ಹೆಡ್‌ಫೋನನ್ನು ಅವರ ಕೈಗೆ ಕೊಟ್ಟೆ. ತಲೆಗೆ ಹಾಕಿಕೊಂಡರು. ಹಾಡು ಹಾಕಲು ಹೋದರೆ "ಬೇಡ, ಸುಮ್ಮನೆ ಹಾಕಿದ್ದು" ಎಂದು ಕಣ್ಣು ಮುಚ್ಚಿದರು. ನಾನು ಹಿಂದಿನ ದಿನ ಕೇಳಿಸಿಕೊಂಡ ಆ ಉಸಿರನ್ನೇ ಅವರೂ ಕೇಳುತ್ತಿದ್ದಾರೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಅದು ರಕ್ತ ಓಡುವ ಸದ್ದು ಎಂದು ಅವರಿಗೆ ವಿವರಿಸಲು ಹೋಗಲಿಲ್ಲ.

"ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಇತ್ತ ಕೊಡಿ" ಎಂದು ಅವರ ಕೈಯಿಂದ ತೆಗೆದುಕೊಂಡೆ. ಸೋಲ್ಡರಿಂಗ್ ಐರನ್ ಬಿಸಿಗಿಟ್ಟೆ. ಎಡಬದಿಯ ಮುಚ್ಚಳ ಬಿಚ್ಚಿ, ಹಿಂದಿನ ದಿನ ನಾನೇ ಹಾಕಿದ ಬೆಸುಗೆಗೆ ತುದಿ ತಾಗಿಸಿದೆ. ಸೀಸ ಕರಗಿತು, ತಂತಿ ಎದ್ದು ಬಂತು. ಇಷ್ಟು ವರ್ಷದ ಕೆಲಸದಲ್ಲಿ ಗಟ್ಟಿಯಾಗಿದ್ದ ನನ್ನದೇ ಬೆಸುಗೆಯನ್ನು ನಾನೇ ಬಿಡಿಸಿದ್ದು ಅದೊಂದೇ ಸಲ. "ಈಗ ಎಡಗಿವಿ ಕೇಳುದಿಲ್ಲ. ನಿಮ್ಮವರು ವಿಚಾರಿಸಿದ್ರೆ ಅದನ್ನೇ ಹೇಳ್ತೇನೆ" ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಶನಿವಾರ ಬೆಳಿಗ್ಗೆ ಕುಶಾಲಪ್ಪನವರು ಬಂದರು. ಹಾಡು ಹಾಕಿ ಅವರ ಕಿವಿಗೆ ಕೊಟ್ಟೆ. ಅವರು ಎಡಬದಿಯನ್ನು ಬೆರಳಿನಿಂದ ತಟ್ಟಿ, ನನ್ನ ಕಡೆ ನೋಡಿದರು.

"ಎಡದ್ದು ಕೇಳುದಿಲ್ಲ."

"ಇಲ್ಲ."

"ಬೇರೆ ಎಲ್ಲಾದ್ರೂ ಕೊಟ್ರೆ ಸರಿ ಆಗ್ಬಹುದಾ?"

"ಆಗ್ಬಹುದು. ಮಂಗಳೂರಲ್ಲಿ ಕೊಟ್ಟು ನೋಡಿ."

ಅವರು ಹೆಡ್‌ಫೋನನ್ನು ಬೈರಾಸಿನಲ್ಲಿ ಸುತ್ತಿದರು. ಬಿಚ್ಚಿ, ಮತ್ತೊಮ್ಮೆ ಸರಿಯಾಗಿ ಸುತ್ತಿದರು. "ಬುಧವಾರ ಮದುವೆ. ಇನ್ನು ಮಂಗಳೂರಿಗೆ ಹೋಗ್ಲಿಕ್ಕೆ ಸಮಯ ಎಲ್ಲಿ ಉಂಟು?" ಎಂದರು. ಅಂದು ಶನಿವಾರ. ಅಲ್ಲಿಂದಲೇ ಬಸ್ಸು ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ಮೊದಲು ಮಂಗಳೂರು ಮುಟ್ಟುತ್ತಿದ್ದರು. "ಒಂದು ಕಿವಿ ಕೇಳದಿದ್ರೆ ಅದು ಮುರಿದದ್ದೇ ಅಂತ ಲೆಕ್ಕ, ಅಲ್ವಾ?" ಎಂದು ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದನ್ನೇ ಬಯಸಿದ್ದರು. "ಹೌದು, ಮುರಿದದ್ದೇ" ಎಂದೆ.

ಮದುವೆ ಆಯಿತೆಂದು ಆಮೇಲೆ ತಿಳಿಯಿತು. ಮಗನಿಗೂ ಸಂಬಂಧ ಕೂಡಿಬಂತಂತೆ. ಕೆಲವು ತಿಂಗಳ ನಂತರ ಪುತ್ತೂರಿನ ಮಾರ್ಕೆಟ್ಟಿನಲ್ಲಿ ಹೇಮಾವತಿಯವರು ಸಿಕ್ಕಿದರು. ಖುಷಿಯಲ್ಲಿ ಮಾತಾಡಿಸಿದರು. ಹೊರಡುವಾಗ ನಾನೇ ಹೇಳಿದೆ, "ಎಲ್ಲ ಮುಗೀತಲ್ಲ, ಒಂದು ದಿನ ತನ್ನಿ. ಆ ಎಡದ್ದನ್ನು ಬೆಸೆದು ಕೊಡ್ತೇನೆ. ಕೂತಲ್ಲೇ ಆಗುವ ಕೆಲಸ."

ಅವರು ಚೀಲವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಬೇಡ ಅಕ್ಕ. ಸರಿಯಾದ್ರೆ ಕಳಿಸ್ಬೇಕಾಗ್ತದೆ."

ಹಾಳಾದದ್ದನ್ನು ಸರಿ ಮಾಡುವುದೇ ರಿಪೇರಿ ಎಂದು ಕಲಿತವಳು ನಾನು. ಈಗಲೂ ಮಾಡುವುದು ಅದನ್ನೇ. ಆದರೆ ಯಾರಾದರೂ ಹಳೆಯ ವಸ್ತು ತಂದಿಟ್ಟು, "ಆಗ್ಲಿಲ್ಲ ಅಂದ್ರೂ ಅಡ್ಡಿ ಇಲ್ಲ" ಎಂದು ಹೇಳಿದರೆ, ಐರನ್ ಬಿಸಿಗಿಡುವ ಮೊದಲು ಅವರ ಮುಖವನ್ನೊಮ್ಮೆ ನೋಡುತ್ತೇನೆ.