ನಂಜಕ್ಕ ಮಾರದ ಹಾಡು

ನಂಜಕ್ಕ ಹಾಡು ಮಾರಿಕೊಂಡಳು ಎಂದು ನಾನು ಹತ್ತು ಜನ ಹೆಂಗಸರ ಮುಂದೆ ಹೇಳಿದ್ದು ಸುಳ್ಳು. ಹೇಳಿದ ದಿನ ಅದು ಸುಳ್ಳೆಂದು ನನಗೆ ತಿಳಿದಿರಲಿಲ್ಲ — ಆದರೆ ಮೂರು ವಾರಕ್ಕೆ ತಿಳಿಯಿತು. ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಮೊದಲನೆಯದನ್ನು ಯಾರಾದರೂ ದುಡುಕು ಎಂದಾರು. ಎರಡನೆಯದಕ್ಕೆ — ಅದಕ್ಕೆ ಹೆಸರು ಹುಡುಕುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ.

ಆಗ ಎರಡನೆಯ ಮಹಾಯುದ್ಧದ ಕಾಲ. ಹೊಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತ, ಕರೆದ ಕಡೆ ಹೋಗಿ ಕಚೇರಿ ಮಾಡುತ್ತ ಇದ್ದೆ. ನನ್ನಂತೆ ಹಾಡುವವರು ಬೇಕಾದಷ್ಟು ಜನ ಇದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಕೊರೆಯುತ್ತಲೂ ಇತ್ತು. ಆದ್ದರಿಂದ ಯಾರೂ ಮಾಡದ ಒಂದು ಕೆಲಸ ಮಾಡಬೇಕೆಂದುಕೊಂಡೆ. ಹೆಂಗಸರು ರಾಗಿ ಬೀಸುವಾಗ, ಮದುವೆಯ ಸೋಬಾನೆಯಲ್ಲಿ ಹಾಡುವ ಸಾಲೊಂದನ್ನು ತಂದು ಕಚೇರಿಯಲ್ಲಿ ಪಲ್ಲವಿಯಾಗಿ ನಿಲ್ಲಿಸುವುದು. ಮೊದಲು ರಾಗವನ್ನು ವಿಸ್ತರಿಸಿ, ಆಮೇಲೆ ಆ ಸಾಲನ್ನೇ ಹಿಡಿದು ಆ ಹೊತ್ತಿಗೆ ತೋಚಿದಂತೆ ಬಗೆಬಗೆಯಾಗಿ ಬೆಳೆಸುವುದು. ಹೀಗೆ ಬೆಳೆಸುವುದಕ್ಕೆ ನಾವು ಮನೋಧರ್ಮ ಎನ್ನುತ್ತೇವೆ. ಸಂಗೀತಗಾರನ ಬೆಲೆ ತಿಳಿಯುವುದೇ ಅದರಲ್ಲಿ.

ಸೂಳಗಿರಿಯ ಹತ್ತಿರದ ಒಂದು ಊರಿನಲ್ಲಿ — ಊರಿನ ಹೆಸರು ಬರೆಯುವುದಿಲ್ಲ — ಸೋಬಾನೆಗೆ ಮುಂದಾಳಾಗಿ ಹಾಡುವವಳು ನಂಜಕ್ಕ. ನಲವತ್ತು ದಾಟಿದ ವಿಧವೆ. ಮಗ ಸೈನ್ಯದ ಪಟಾಲಮ್ಮಿಗೆ ಸೇರಿದ್ದ, ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಅಲ್ಲಿಗೆ ಹೋಗಿ, ಅವಳ ಜಗಲಿಯ ಮೇಲೆ ಕುಳಿತು ನಾನು ಹಾಡು ಕೇಳಿಸಿಕೊಳ್ಳುತ್ತಿದ್ದೆ, ಸ್ವರ ಬರೆದುಕೊಳ್ಳುತ್ತಿದ್ದೆ. ಬರೆದುಕೊಳ್ಳುವವರನ್ನು ಕಂಡರೆ ಊರಿಗೆ ಆಗುತ್ತಿರಲಿಲ್ಲ. ರಾಗಿ ಎಷ್ಟಿದೆ ಎಂದು ಬರೆದುಕೊಂಡು ಹೋದ ಸರ್ಕಾರದವರು ಆಮೇಲೆ ಗಾಡಿ ತಂದು ತುಂಬಿಸಿಕೊಂಡು ಹೋಗುತ್ತಿದ್ದ ಕಾಲ ಅದು. ನಂಜಕ್ಕನೂ ಒಮ್ಮೆ ಕೇಳಿದಳು:

“ಬರ್ಕಂಡ್‌ಬುಟ್ರೆ ಹಾಡು ನಿಮ್ಮತ್ರಕ್ಕೇ ಬಂದ್‌ಬುಡ್ತದಾ ಮೇಷ್ಟ್ರೆ? ನಮಗೇನಾನ ಉಳೀತದಾ?”

ನಾನು ನಕ್ಕೆ. ಬರೆಯುವುದನ್ನು ಮುಂದುವರಿಸಿದೆ.

ನನಗೆ ಬೇಕಾಗಿದ್ದದ್ದು ಒಂದೇ ಹಾಡು. ತವರು ಬಿಟ್ಟು ಹೊರಟ ಹೆಣ್ಣನ್ನು ಕುರಿತದ್ದು. “ಅವರೆ ಹೂವೆ ನಿನ್ನ ತವರೂರು ಯಾವುದೆ, ತಿರುಗಿ ನೋಡಿದರೆ ಬಲು ದೂರ” — ಇಷ್ಟೇ ಸಾಲು. ಅದರಲ್ಲಿ ಆನಂದಭೈರವಿಯ ನೆರಳಿತ್ತು. ಆದರೆ ‘ದೂರ’ ಎಂಬ ಮಾತನ್ನು ನಂಜಕ್ಕ ಒಂದು ದಿನ ಕೆಳಗಿಳಿಸಿ ಹಾಡುವಳು, ಇನ್ನೊಂದು ದಿನ ಮೇಲಕ್ಕೆಳೆದು ಅಲ್ಲೇ ಕೈಬಿಡುವಳು, ಮತ್ತೊಂದು ದಿನ ಎರಡೂ ಅಲ್ಲ. “ನೆನ್ನೆ ಹೀಗೆ ಹೇಳಲಿಲ್ಲವಲ್ಲ” ಎಂದರೆ, “ನೆನ್ನೆ ಹಂಗೆ ಬಂತು, ಇವತ್ತು ಹಿಂಗೆ ಬತ್ತಾ ಐತೆ” ಎನ್ನುವಳು. ನನ್ನ ಪುಸ್ತಕದ ಒಂದೇ ಹಾಳೆಯಲ್ಲಿ ಆ ಸಾಲಿಗೆ ಏಳು ಮಟ್ಟುಗಳಾದವು.

ಅನುಮಾನ ಹುಟ್ಟಿದ್ದು ಅಲ್ಲಿ. ಇವಳು ಬೇಕೆಂದೇ ತಪ್ಪು ತಪ್ಪಾಗಿ ಹೇಳಿಕೊಡುತ್ತಿದ್ದಾಳೆ. ನಿಜವಾದ ಮಟ್ಟನ್ನು ಒಳಗಿಟ್ಟುಕೊಂಡು ನನ್ನನ್ನು ಸುತ್ತಾಡಿಸುತ್ತಿದ್ದಾಳೆ. ಒಂದು ಬೆಳಗ್ಗೆ ಹೇಳದೆ ಕೇಳದೆ ಹೋಗಿ, ಅವಳ ಮನೆಯ ಹಿಂದಿನ ಗೋಡೆಗೆ ಒರಗಿ ನಿಂತೆ. ಒಳಗೆ ಅವಳು ಒಬ್ಬಳೇ ಬೀಸುತ್ತಿದ್ದಳು. ಅದೇ ಸಾಲು. ‘ದೂರ’ ಎಂಬಲ್ಲಿ ಧ್ವನಿ ಮೇಲೇರಿ, ಒಂದು ಕ್ಷಣ ನಡುಗಿ, ಯಾವ ಆಸರೆಯೂ ಇಲ್ಲದಂತೆ ಕುಸಿದು ಕೆಳಗೆ ಬಂತು. ನನ್ನ ಏಳು ಮಟ್ಟುಗಳಲ್ಲಿ ಒಂದೂ ಹಾಗಿರಲಿಲ್ಲ. ಅಷ್ಟು ಚೆನ್ನಾದುದನ್ನು ನಾನು ಅದಕ್ಕೆ ಮೊದಲು ಕೇಳಿರಲೇ ಇಲ್ಲ — ಸಂತೋಷ ಪಡುವುದು ಬಿಟ್ಟು ನಾನು ಅಂದುಕೊಂಡದ್ದೇನು? ಸಿಕ್ಕಿಬಿದ್ದಳು, ಎಂದು.

ಆ ಮಟ್ಟನ್ನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಸಾಧಿಸತೊಡಗಿದೆ. ಯಾರಿಗೂ ಕೇಳಿಸಬಾರದು. ನನ್ನ ಕಚೇರಿಗಳಿಗೆ ಪಿಟೀಲು ನುಡಿಸುತ್ತಿದ್ದ ಕೃಷ್ಣಗಿರಿಯ ಗೋವಿಂದರಾಜುಗೂ ಹೇಳಲಿಲ್ಲ. ಬೆಂಗಳೂರಿನ ಸಭೆಯೊಂದರಲ್ಲಿ ಹೊಸ ಪಲ್ಲವಿ ಹಾಡುತ್ತೇನೆಂದು ಒಪ್ಪಿಕೊಂಡಾಗಿತ್ತು.

ಅಷ್ಟರಲ್ಲಿ ಕೃಷ್ಣಗಿರಿಯ ಮಾವಿನಕಾಯಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಒಂದು ಸಂಜೆ ಗೋವಿಂದರಾಜುವಿನ ಪಿಟೀಲು. ನಾನು ಕೇಳಲು ಹೋಗಿದ್ದೆ. ಆನಂದಭೈರವಿ ನುಡಿಸುತ್ತ ನುಡಿಸುತ್ತ ಅವನು ಅದೇ ತಿರುವನ್ನು ನುಡಿಸಿಬಿಟ್ಟ. ಅದೇ ಏರು, ಅದೇ ನಡುಕ, ಅದೇ ಕುಸಿತ. ಜನ ತಲೆದೂಗಿದರು. ಸೂಳಗಿರಿಯ ದಾರಿಯಲ್ಲಿ ತಿಂಗಳಿಗೆ ನಾಲ್ಕು ಸಲ ಓಡಾಡುವವನು ಅವನು. ನಂಜಕ್ಕ ಈಚೆಗೆ ಹೊಸ ಸೀರೆ ಉಟ್ಟಿದ್ದಳಲ್ಲ — ಎಲ್ಲಿಂದ ಬಂತು? ಗೋವಿಂದರಾಜುವನ್ನು ನಾನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅನುಮಾನಕ್ಕೆ ಬಿದ್ದವನಿಗೆ ವಿಚಾರಿಸುವುದು ಬೇಕಾಗಿರುವುದಿಲ್ಲ.

ಎರಡು ದಿನ ಬಿಟ್ಟು ಆ ಊರಿಗೆ ಹೋದೆ. ಪಟೇಲರ ಅಂಗಳದಲ್ಲಿ ಹೆಂಗಸರು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು, ನಂಜಕ್ಕನೂ ಇದ್ದಳು. ನಿಂತಲ್ಲಿಂದಲೇ ಹೇಳಿದೆ:

“ನನಗೆ ಸುಳ್ಳು ಮಟ್ಟು ಹೇಳಿಕೊಟ್ಟು, ನಿಜವಾದದ್ದನ್ನ ಕೃಷ್ಣಗಿರಿಯವನಿಗೆ ಮಾರಿಕೊಂಡೆ ಅಲ್ಲವೇ ನಂಜಕ್ಕ?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. “ಯಾವ್ ಕೃಷ್ಣಗಿರಿಯೋನು ಮೇಷ್ಟ್ರೆ? ನಾನು ಯಾರ್ಗೂ ಹೇಳ್ಕೊಟ್ಟಿಲ್ಲ.”

“ಹಾಗಾದರೆ ಈ ಸೀರೆ?”

“ರಜಕ್ಕೆ ಬಂದಾಗ ನನ್ ಮಗ ತಂದ್ಕೊಟ್ಟ.”

ಸುಲಿಯುವ ಕೈಗಳು ನಿಂತವು. ಮಗ ತಂದುಕೊಟ್ಟದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಎಲ್ಲರೂ ಆ ಸೀರೆಯ ಅಂಚನ್ನು ಹೊಸದಾಗಿ ನೋಡಿದರು. ಒಬ್ಬಳು ಮೆಲ್ಲಗೆ ಅಂದಳು: “ಓದಿದೋರು, ಸುಮ್‌ಸುಮ್ಕೆ ಹೇಳ್ತಾರಾ?” ಇನ್ನೊಬ್ಬಳು: “ಅದು ಇವಳ ಅತ್ತೆ ಕಲ್ಸಿದ್ ಹಾಡು. ಊರ್ ಹೆಣ್‌ಮಕ್ಳುದ್ದು.” ನಾನು ತಿರುಗಿ ಬಂದುಬಿಟ್ಟೆ. ಗೆದ್ದವನಂತೆ ಬಂದೆ, ಅದನ್ನೂ ಹೇಳಬೇಕು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಗೋವಿಂದರಾಜುವಿನ ಮಾತು ಬಂತು. ನನ್ನ ಹೆಂಡತಿ ಜಾನಕಿ ಮಜ್ಜಿಗೆ ಬಡಿಸುತ್ತ ಅಂದಳು: “ಕೃಷ್ಣಗಿರಿ ಕಚೇರಿಗೆ ಮುಂಚೆ ಒಂದು ದಿನ ಅವರು ಬಂದಿದ್ರು, ಹೇಳೋಕ್ಕೇ ಮರೆತೆ. ನೀವು ಬಾಗಿಲು ಹಾಕ್ಕೊಂಡು ಆ ಅವರೆ ಹೂವಿನ ಹಾಡು ಹಾಡ್ತಾ ಇದ್ರಿ. ಕರೀಬೇಡಿ ಅಂತ ಜಗಲಿ ಮೇಲೇ ಕೂತು ಕೇಳಿದ್ರು. ಒಂದೇ ಸಾಲನ್ನ ಎಷ್ಟು ಥರ ಹಾಡ್ತಾರೆ ನೋಡಿ ಅಂತ ಮೆಚ್ಚಿಕೊಂಡು ಹೋದ್ರು.”

ಆ ತಿರುವನ್ನು ಅವನಿಗೆ ಕೊಟ್ಟವನು ನಾನೇ. ಅಷ್ಟೇ ಅಲ್ಲ — ಒಂದೇ ಸಾಲನ್ನು ಎಷ್ಟು ಥರ! ನಾನು ಬಾಗಿಲು ಹಾಕಿಕೊಂಡು ಮಾಡುತ್ತಿದ್ದದ್ದನ್ನೇ ನಂಜಕ್ಕ ಬೀಸುವ ಕಲ್ಲಿನ ಮುಂದೆ ಮಾಡುತ್ತಿದ್ದಳು. ನಾನು ಮಾಡಿದರೆ ಮನೋಧರ್ಮ, ಅವಳು ಮಾಡಿದರೆ ಮೋಸ. ಅವಳು ಬಚ್ಚಿಟ್ಟ ನಿಜವಾದ ಮಟ್ಟು ಎಂಬುದು ಇರಲೇ ಇಲ್ಲ. ಏಳೂ, ಗೋಡೆಯಾಚೆಯಿಂದ ಕೇಳಿದ ಎಂಟನೆಯದೂ ನಿಜವಾಗಿದ್ದವು. ಇಪ್ಪತ್ತು ವರ್ಷ ಸಂಗೀತ ಕಲಿತ ನನ್ನ ಕಿವಿಗೆ ಅದು...

ಅಂದೇ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಅವಳ ಮೇಲಿನ ಅಪವಾದ ತೆಗೆಯಬೇಕಾದರೆ ಆ ತಿರುವು ಯಾರದೆಂದು ಹೇಳಬೇಕಾಗಿತ್ತು. ಬೆಂಗಳೂರಿನ ಸಭೆಯವರು ಹೊಸ ಪಲ್ಲವಿಯೆಲ್ಲ ನನ್ನ ಕಲ್ಪನೆಯೇ ಎಂದು ತಿಳಿದಿದ್ದರು, ನಾನೂ ತಿದ್ದಿರಲಿಲ್ಲ.

ಕೆಲವು ದಿನಗಳಾದ ಮೇಲೆ ನಂಜಕ್ಕನೇ ಹೊಸೂರಿಗೆ ಬಂದಳು. ಬಾಗಿಲಲ್ಲೇ ನಿಂತು, ಮಗಳ ಮದುವೆಗೆಂದು ವೀಳ್ಯ ಕೊಟ್ಟಳು. ಪಟೇಲರ ಮನೆಯ ಮದುವೆಗೆ ಈ ಸಲ ಅವಳನ್ನು ಸೋಬಾನೆಗೆ ಕರೆದಿರಲಿಲ್ಲವಂತೆ. “ನಮ್ಮನೇಲೂ ಹಾಡಕ್ಕೆ ಕೂರಾಕಿಲ್ಲ ಅಂತವ್ರೆ ಮೇಷ್ಟ್ರೆ. ನೀವು ಬಂದು ಒಂದ್ ಮಾತ್ ಹೇಳಿ. ತಪ್ಪಾಗಿ ತಿಳ್ಕಂಡಿದ್ದೆ ಅನ್ನಿ, ಅಷ್ಟೇ ಸಾಕು.”

“ನೋಡೋಣ” ಎಂದೆ.

ಮದುವೆಗೆ ಹೋದೆ. ಹೇಳಬೇಕೆಂದೇ ಹೋದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಂಡಸರ ಸಾಲಿನಲ್ಲಿ ಕುಳಿತೆ. ಹೆಣ್ಣನ್ನು ಹಸೆಗೆ ಕರೆಯುವ ಹೊತ್ತಾಯಿತು. ಸೋಬಾನೆ ಎಂದರೆ ಒಬ್ಬಳು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯಬೇಕು. ನಂಜಕ್ಕ ಎತ್ತಿದಳು. “ಅವರೆ ಹೂವೆ ನಿನ್ನ ತವರೂರು ಯಾವುದೆ...” ಯಾರೂ ಹಿಡಿಯಲಿಲ್ಲ. ಹೆಂಗಸರು ಎಲೆ ಅಡಿಕೆ ಸರಿಮಾಡಿಕೊಳ್ಳುತ್ತ ಕುಳಿತಿದ್ದರು. ಅವಳು ಮತ್ತೊಮ್ಮೆ ಎತ್ತಿದಳು, ಎತ್ತುತ್ತ ನನ್ನ ಕಡೆ ನೋಡಿದಳು. ಆ ಹೆಂಗಸರನ್ನು ಬಿಟ್ಟರೆ ಆ ಮಂಟಪದಲ್ಲಿ ಆ ಸಾಲನ್ನು ಹಿಡಿಯಬಲ್ಲವನು ನಾನೊಬ್ಬನೇ. ಮಾತಾಡಬೇಕಾಗಿಯೂ ಇರಲಿಲ್ಲ, ಹಾಡಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ಚಾಪೆಯನ್ನು ನೋಡುತ್ತ ಕುಳಿತೆ. ‘ದೂರ’ ಎಂಬಲ್ಲಿಗೆ ಬರುವ ಮೊದಲೇ ಅವಳು ನಿಲ್ಲಿಸಿದಳು. ಹುಡುಗಿ ಹಾಡಿಲ್ಲದೆ ಹಸೆಗೆ ಬಂದಳು.

ನಾನು ಉಂಡು ಬಂದೆ.

ಬೆಂಗಳೂರಿನಲ್ಲಿ ಪಲ್ಲವಿ ಹಾಡಿದೆ, ಹೆಸರು ಬಂತು. ಆಮೇಲಿನ ಕಚೇರಿಗಳಲ್ಲಿ ಅದನ್ನೇ ಕೇಳುವವರು ಇರುತ್ತಿದ್ದರು. ನಂಜಕ್ಕ ಊರು ಬಿಟ್ಟು ಗುಮ್ಮಳಾಪುರಕ್ಕೆ, ಮಗಳ ಮನೆಗೆ ಹೋದಳೆಂದು ಯಾರೋ ಹೇಳಿದರು. ಅಲ್ಲಿ ಬೀಸುವಾಗಲೂ ಹಾಡುವುದಿಲ್ಲವಂತೆ.

ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಕಳೆದ ತಿಂಗಳು ಗುಮ್ಮಳಾಪುರಕ್ಕೆ ಹೋಗಿ ಅವಳ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಅವಳ ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಕೊನೆಯವರೆಗೂ ಕೇಳಿ ಅಂದಳು: “ಇಲ್ ಹೇಳುದ್ರೆ ಏನ್ ಬಂತು ಮೇಷ್ಟ್ರೆ. ನಂಗೊತ್ತಿಲ್ದಿದ್ದು ಏನೈತೆ ಇದ್ರಾಗೆ? ಅಲ್ ಹೇಳ್ಬೇಕಿತ್ತು.” ಆಮೇಲೆ ಎದ್ದು ಒಳಗೆ ಹೋದಳು.

ಅಲ್ಲಿಗೂ ಹೋದೆ. ಅಂದು ಪಟೇಲರ ಅಂಗಳದಲ್ಲಿದ್ದವರಲ್ಲಿ ಉಳಿದಿರುವವರು ನಾಲ್ವರು. ಅವರನ್ನು ಕೂಡಿಸಿ, ನಾನು ಹೇಳಿದ್ದು ಸುಳ್ಳು, ನಂಜಕ್ಕ ಯಾರಿಗೂ ಹಾಡು ಮಾರಲಿಲ್ಲ, ಕೃಷ್ಣಗಿರಿಯವನು ಕೇಳಿದ್ದು ನನ್ನ ಬಾಯಿಂದ ಎಂದೆ. ಅವರಲ್ಲಿ ಹಿರಿಯಳು ಕೇಳಿದಳು:

“ಅವ್ಳೇ ಹೇಳ್ಕೊಟ್ಟು ಕಳ್ಸವ್ಳಾ?”

ಇಲ್ಲ ಎಂದೆ. ಅವಳು ತಲೆಯಾಡಿಸಿದಳು — ಒಪ್ಪಿದವಳಂತೆ ಅಲ್ಲ, ತಿಳಿಯಿತು ಬಿಡಿ ಎನ್ನುವವಳಂತೆ.

ಅವರು ಅಂದು ಒಂದೇ ಮಾತಿಗೆ ನಂಬಿದ್ದರು. ಇಂದು ನಂಬಲಿಲ್ಲ. ಅವರನ್ನು ದೂರಲಾರೆ. ಬರುವ ಸೋಮವಾರ ಮತ್ತೆ ಹೋಗುತ್ತೇನೆ, ಅದರಾಚೆಯ ಸೋಮವಾರವೂ.