ತಿಪ್ಪೇರುದ್ರಮ್ಮನ ಹೊಲದ ರಾಜಗಿರಿ

ತಿಪ್ಪೇರುದ್ರಮ್ಮ ಕಳೆದ ಮಂಗಳವಾರ ಸಂಜೆ ಹೃದಯಾಘಾತದಿಂದ ತೀರಿಕೊಂಡಳು. ದಸರೆಯಿಂದೀಚೆ ಅವಳ ಹೊಸ್ತಿಲು ತುಳಿಯದ ಅರಸೀಕೆರೆಯ ಓಣಿಯವರೆಲ್ಲ ಮಣ್ಣಿಗೆ ಬಂದು ಗೋಳಾಡಿದರು.

ಆ ಓಣಿಯ ದುರುಗಮ್ಮನ ಗುಡಿಯಲ್ಲಿ ನವರಾತ್ರಿಗೆ ಘಟ ಕೂರಿಸಿ, ಸುತ್ತ ಮಣ್ಣು ಹಾಕಿ ಕಾಳು ಬಿತ್ತುತ್ತಾರೆ. ಸಸಿ ಎದ್ದಂತೆ ವರ್ಷದ ಬೆಳೆ ಎಂಬ ನಂಬಿಕೆ. ಅವಳ ಅತ್ತೆಯ ಕಾಲದಿಂದಲೂ ಆ ಮಣ್ಣು ಇವರ ಹಳ್ಳದ ಹೊಲದ್ದೇ. ಈ ಸಲ ಕಾಳು ಬಾಯಿ ಬಿಟ್ಟು ಅಲ್ಲೇ ನಿಂತವು. ಎದ್ದ ನಾಲ್ಕಾರು ಸಸಿಯೂ ಹಳದಿ. ಬೇರು ಗಿಡ್ಡ, ಕಪ್ಪು.

"ಮೈಲಿಗ್ಯಾಗ ಮಣ್ಣು ತಂದೀಯವ್ವ ನೀನು," ಎಂದಳು ಎದುರುಮನೆಯ ಸುಮಲತಾ, ಎಲ್ಲರೆದುರಿಗೆ.

"ನನಗ ಅದು ನಿಂತು ಹತ್ತು ವರ್ಷ ಆತಲೇ. ಮೈಲಿಗಿ ಎಲ್ಲಿಂದ ತರ್ಲಿ, ನಿಮ್ಮನಿಯಿಂದ ಕಡ ತರ್ಲೇನು?"

ಯಾರೂ ನಗಲಿಲ್ಲ. ಘಟದ ಹತ್ತಿರ ಬರಬೇಡ ಎಂದರು.

ಹೊಲದ ಮೇಲುಗಡೆ ಪಂಚಾಕ್ಷರಪ್ಪನ ಶೆಡ್ಡು. ಅಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ತೊಳೆದ ನೀರು ಅವಳ ಹೊಲಕ್ಕೇ ಇಳಿಯುತ್ತದೆ. ಓಣಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಗುಡಿಯ ಪೆಂಡಾಲಿನ ಖರ್ಚು ಅವನದು. ಅವಳು ಗೆಳತಿಯ ಮಗಳ ಕೈಯಲ್ಲಿ ಮಣ್ಣನ್ನು ಪರೀಕ್ಷೆಗೆ ಕಳಿಸಿದಳು. ಸೀಸ ಮಿತಿ ಮೀರಿದೆ, ಬೇರು ಇಳಿಯಗೊಡುವುದಿಲ್ಲ. ಇಳಿದರೂ ಆ ಗಿಡದ ಸೊಪ್ಪು ತಿನ್ನಬಾರದು, ಮಕ್ಕಳಿಗಂತೂ ಬೇಡವೇ ಬೇಡ ಎಂದು ವರದಿ ಬಂತು. ಗುಡಿಕಟ್ಟೆಯ ಮೇಲೆ ನಿಂತು ಅದನ್ನು ಹೇಳಿದಳು.

"ದೇವಿ ಸಿಟ್ಟಿಗೂ ರಿಪೋರ್ಟ್ ತಂದಾಳ್ರಿ ಈಯಮ್ಮ," ಎಂದು ಪಂಚಾಕ್ಷರಪ್ಪ ನಕ್ಕ. ಆಗ ಓಣಿಯೂ ನಕ್ಕಿತು.

ತೀರಿಕೊಂಡ ಆ ಮಂಗಳವಾರ ಮಧ್ಯಾಹ್ನ ಅವಳು ಹೊಲದಲ್ಲಿದ್ದಳು. ಕೆಳ ಅಂಚಿನಲ್ಲಿ, ಸೀಸ ಒಂದಿಷ್ಟು ಕಮ್ಮಿಯಿದ್ದಲ್ಲಿ, ರಾಜಗಿರಿ ಸೊಪ್ಪು ತಾನಾಗಿ ಎದ್ದು ಸೊಂಪಾಗಿ ನಿಂತಿತ್ತು. ಸುಮಲತಾ ಬುಟ್ಟಿ ಹಿಡಿದು ಬಂದಳು.

"ಎಷ್ಟ್ ಚೆಂದ ಐತಿ ನೋಡು! ವಿಷ ಅಂತಿದ್ದಿಯಲ್ಲ? ಮೊಮ್ಮಗಳಿಗೆ ಪಲ್ಯ ಮಾಡ್ತೀನಿ, ಕೊಡು."

"ಕೊಡಂಗಿಲ್ಲ."

"ಸಾಯುವಾಗ ಹೊತ್ಕೊಂಡು ಹೋಗ್ತೀಯೇನು?"

ಕೊಟ್ಟುಬಿಡಬಹುದಿತ್ತು. ದಸರೆಯ ಮಾತು ಎದೆಯಲ್ಲಿ ಇನ್ನೂ ಹಸಿಯಾಗಿತ್ತು.

"ನಿನ್ನ ಮಾರಿ ಕಂಡ್ರ ಮೈ ಉರಿತೈತಿ ನನಗ. ನೀನೊಬ್ಬಾಕಿನ ತಿಂತಿದ್ರ ಹೊರಿ ಕಟ್ಟಿ ಕೊಡ್ತಿದ್ದೆ. ಆ ಕೂಸು ನನಗೇನ್ ಮಾಡೈತಿ?"

ಸುಮಲತಾ ಬೈಯುತ್ತ ಹೋದಳು. ತಾನು ಮನೆಗೆ ಹೋದೊಡನೆ ಅವಳು ಮತ್ತೆ ಬರುತ್ತಾಳೆಂಬುದು ತಿಪ್ಪೇರುದ್ರಮ್ಮನಿಗೆ ಗೊತ್ತಿತ್ತು. ಸೆರಗು ಸಿಕ್ಕಿಸಿ, ಒಂದು ದಂಟೂ ಉಳಿಯದಂತೆ ಕಿತ್ತು, ಗುಂಡಿಗೆ ಹಾಕಿ, ಮಣ್ಣೆಳೆದು ತುಳಿದಳು.